ನಾಯಿ, ಬೆಕ್ಕಿನ ಜಂತುಹುಳುವಿಗೆ ಯಾವ ಔಷಧಿ? ಕೊಡಗಿನ ತೋಟದ ಮನೆಗಳಿಗೆ ಒಂದು ಹೋಲಿಕೆ

ಮೇ ತಿಂಗಳ ಕೊನೆಯಲ್ಲಿ ಮೋಡ ಕಟ್ಟತೊಡಗಿದರೆ ಸಾಕು, ನಮ್ಮ ತೋಟದ ಸುತ್ತಮುತ್ತಲ ಮನೆಗಳಿಂದ ಒಂದೇ ಪ್ರಶ್ನೆ ಬರುತ್ತದೆ: "ನಾಯಿಗೆ ಜಂತಿನ ಔಷಧಿ ಯಾವುದು ಕೊಡಲಿ?" ಒಬ್ಬರ ಕೈಯಲ್ಲಿ ಔಷಧಿ ಅಂಗಡಿಯಿಂದ ತಂದ ಸಿರಪ್ ಇರುತ್ತದೆ. ಇನ್ನೊಬ್ಬರು ಪಟ್ಟಣದಿಂದ ತರಿಸಿದ ದುಬಾರಿ ಮಾತ್ರೆಯನ್ನು ತೋರಿಸಿ ಇದು ಬೇಕೇ ಬೇಕೇ ಎಂದು ಕೇಳುತ್ತಾರೆ. ದನಕ್ಕೆಂದು ತಂದ ಇಂಜೆಕ್ಷನ್ನಿನಲ್ಲೇ ನಾಯಿಗೂ ಒಂದಿಷ್ಟು ಹಾಕಿಸಿಬಿಡಲೇ ಎನ್ನುವವರೂ ಇದ್ದಾರೆ. ಬೆಕ್ಕು ಸಾಕಿದವರ ಪಾಡು ಬೇರೆ: ಔಷಧಿ ಯಾವುದಾದರೂ ಸರಿ, ಅದನ್ನು ಬಾಯಿಗೆ ಹಾಕುವುದು ಹೇಗೆ ಎಂಬುದೇ ಅವರ ಚಿಂತೆ.

ಇಪ್ಪತ್ತು ವರ್ಷ ತೋಟದ ಮನೆಯಲ್ಲಿ ನಾಯಿ, ಬೆಕ್ಕು ಸಾಕಿ ನಾನು ಕಂಡುಕೊಂಡ ಉತ್ತರವನ್ನು ಮೊದಲೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮಣ್ಣು ಒಣಗುವುದೇ ಇಲ್ಲ. ನೆರಳು, ತೇವ, ತರಗೆಲೆ. ಕಾಫಿಗೆ ಹಿತವಾದದ್ದೆಲ್ಲ ಕೊಕ್ಕೆಹುಳುವಿನ ಮರಿಗೂ ಹಿತವೇ. ಇವತ್ತು ಔಷಧಿ ಕೊಟ್ಟು ಹೊಟ್ಟೆ ಸ್ವಚ್ಛ ಮಾಡಿಸಿದರೂ ಕೆಲವೇ ವಾರಗಳಲ್ಲಿ ತೋಟ ಅದನ್ನು ಮತ್ತೆ ತುಂಬಿಸಿ ಕಳಿಸುತ್ತದೆ. ಹಾಗಾಗಿ ವರ್ಷವಿಡೀ ತಪ್ಪದೆ, ಸರಿಯಾದ ಅಳತೆಯಲ್ಲಿ ಕೊಡಲು ನಿಮ್ಮಿಂದ ಆಗುವಂಥದ್ದನ್ನೇ ಆರಿಸಿಕೊಳ್ಳಿ. ಬೆಲೆ, ಹೆಸರು ಎಲ್ಲ ಆಮೇಲೆ.

ಆರಿಸುವ ಮುಂಚೆ ನೋಡಬೇಕಾದದ್ದು

ಮೊದಲನೆಯದು, ಯಾವ ಹುಳು? ಎಲ್ಲವನ್ನೂ "ಜಂತು" ಎಂದು ಒಂದೇ ಮಾತಿನಲ್ಲಿ ಮುಗಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ದುಂಡುಹುಳು ಮುಖ್ಯವಾಗಿ ಮರಿಗಳ ಹುಳು. ನಾಯಿಮರಿಗೆ ಇದು ತಾಯಿಯ ಗರ್ಭದಲ್ಲೇ ಅಂಟುತ್ತದೆ, ಬೆಕ್ಕಿನ ಮರಿಗೆ ತಾಯಿಯ ಹಾಲಿನಲ್ಲಿ ಬರುತ್ತದೆ. ಬೇಯಿಸಿದ ಶಾವಿಗೆಯಂತೆ ಬಿಳಿಯಾಗಿ, ಉದ್ದಕ್ಕೆ, ಕೆಲವೊಮ್ಮೆ ವಾಂತಿಯಲ್ಲೂ ಕಾಣಿಸುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮಡಕೆಯಂತಿರುವ ಮರಿಯನ್ನು ನೋಡಿ "ಚೆನ್ನಾಗಿ ತಿಂದಿದೆ" ಎಂದು ಸಂತೋಷಪಡುವವರನ್ನು ಕಂಡಿದ್ದೇನೆ. ಅದು ತಿಂದ ಹೊಟ್ಟೆಯಲ್ಲ.

ಕೊಕ್ಕೆಹುಳು ಒಂದೆರಡು ಸೆಂಟಿಮೀಟರ್ ಉದ್ದದ್ದು, ಮಲದಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ನಮ್ಮ ಕಡೆ ನಾನು ಹೆಚ್ಚು ಹೆದರುವುದು ಇದಕ್ಕೇ. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದರ ಮರಿ ತೇವದ ಮಣ್ಣಿನಲ್ಲಿ ಕಾದಿದ್ದು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬಾಯಿಯ ಮೂಲಕವೂ, ತಾಯಿಯ ಹಾಲಿನ ಮೂಲಕವೂ ಹೋಗುತ್ತದೆ. ನಾಯಿಯ ತುಟಿಯನ್ನು ಮೇಲಕ್ಕೆತ್ತಿ ವಸಡು ನೋಡಿ. ಆರೋಗ್ಯವಾಗಿದ್ದರೆ ಗುಲಾಬಿ ಬಣ್ಣವಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಒತ್ತದೆಯೇ ಬಿಳಿಚಿಕೊಂಡಿದ್ದರೆ, ಜೊತೆಗೆ ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಅಂಗಡಿಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಲಾಡಿಹುಳುವಿನ ಗುರುತು ಸುಲಭ. ಬೆಕ್ಕು ಮಲಗಿದ್ದ ಕಂಬಳಿಯ ಮೇಲೆ, ನಾಯಿಯ ಬಾಲದ ಬುಡದ ಕೂದಲಿನಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಇರುತ್ತವೆ. ಹೊಸದಾಗಿದ್ದರೆ ಮೆಲ್ಲಗೆ ಹಿಗ್ಗಿ ಕುಗ್ಗುತ್ತಲೂ ಇರುತ್ತವೆ. ಸಾಮಾನ್ಯವಾದ ಜಾತಿ ಚಿಗಟದಿಂದ ಬರುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಚಿಗಟವನ್ನು ನುಂಗುತ್ತದೆ, ಚಿಗಟದೊಳಗಿನ ಹುಳು ಕರುಳು ಸೇರುತ್ತದೆ. ಇಲಿ ಹಿಡಿಯುವ ಬೆಕ್ಕಿಗೂ ಹಸಿ ಮಾಂಸ ತಿನ್ನುವ ನಾಯಿಗೂ ಬೇರೆ ಜಾತಿಯ ಲಾಡಿಹುಳುಗಳು ಬರುತ್ತವೆ. ಚಾಟಿಹುಳು ನಾಯಿಗಳಲ್ಲಿ ಕಾಣುತ್ತದೆ. ಅದರ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ.

ಇವುಗಳ ಜೊತೆಗೆ ಗಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಏಕಕೋಶದ ಜೀವಿಗಳಿವೆ. ಇವು ಹುಳುಗಳೇ ಅಲ್ಲ. ಮರಿಗಳಿಗೆ ಬಿಡದೆ ಭೇದಿಯಾಗುತ್ತಿದ್ದರೆ, ಎರಡು ಸಲ ಜಂತಿನ ಔಷಧಿ ಕೊಟ್ಟರೂ ನಿಲ್ಲದಿದ್ದರೆ, ಮೂರನೆಯ ಸಲ ಅದನ್ನೇ ಕೊಡುವ ಬದಲು ಮಲ ಪರೀಕ್ಷೆ ಮಾಡಿಸಿ.

ಎರಡನೆಯದು ತೂಕ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ಹಳೆಯ ಕರಿ ನಾಯಿ ಹೆಚ್ಚೆಂದರೆ ಹದಿನೆಂಟು ಕಿಲೋ ಇರಬಹುದೆಂದು ಅಂದಾಜು ಮಾಡಿ, ಎರಡು ವರ್ಷ ಪ್ರತಿ ಸಲವೂ ಎರಡು ಮಾತ್ರೆ ಕೊಡುತ್ತಿದ್ದೆ. ಆದರೂ ಅದು ಸೊರಗುತ್ತಲೇ ಹೋಯಿತು, ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಕೊಯ್ಲಿನ ಒಂದು ಸಂಜೆ, ಆಳುಗಳು ಕೊಯ್ದ ಕಾಫಿ ಹಣ್ಣು ತೂಗಿ ಮುಗಿದ ಮೇಲೆ, ಅದೇ ತಕ್ಕಡಿಗೆ ಗೋಣಿಚೀಲದ ಜೋಲಿ ಕಟ್ಟಿ ನಾಯಿಯನ್ನು ಕೂರಿಸಿದೆವು. ಮುಳ್ಳು ಇಪ್ಪತ್ತಾರಕ್ಕೆ ಹೋಗಿ ನಿಂತಿತು. ಹತ್ತು ಕಿಲೋಗೆ ಒಂದರ ಲೆಕ್ಕದಲ್ಲಿ ಬೇಕಿದ್ದದ್ದು ಮೂರು ಮಾತ್ರೆ. ಕಡಿಮೆ ಅಳತೆಯ ಔಷಧಿ ಹುಳುವನ್ನು ಪೂರ್ತಿ ಕೊಲ್ಲುವುದಿಲ್ಲ, ಬದುಕುಳಿದ ಹುಳುಗಳು ಔಷಧಿಗೆ ಬಗ್ಗದಂತಾಗುವುದಕ್ಕೂ ದಾರಿಯಾಗುತ್ತದೆ. ತೂಗುವ ಯಂತ್ರ ಇಲ್ಲದ ತೋಟವಿಲ್ಲ. ಚಿಕ್ಕ ಮರಿಯಾದರೆ ಅಡುಗೆಮನೆಯ ತಕ್ಕಡಿಯೇ ಸಾಕು.

ಇನ್ನು ಉಳಿದವು: ಪ್ರಾಣಿಯ ವಯಸ್ಸು, ಅದು ಮನೆಯೊಳಗಿರುತ್ತದೆಯೋ ತೋಟ ಸುತ್ತುತ್ತದೆಯೋ, ಹಸಿ ಮಾಂಸ ತಿನ್ನುತ್ತದೆಯೋ, ಮನೆಯಲ್ಲಿ ನೆಲದ ಮೇಲೆ ಆಡುವ ಮಕ್ಕಳಿದ್ದಾರೋ, ವರ್ಷಕ್ಕೆ ನಾಲ್ಕು ಸಲ ಆ ಖರ್ಚು ನಿಮಗೆ ಹಿಡಿಸುತ್ತದೆಯೋ. ಮಕ್ಕಳ ವಿಷಯವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ದುಂಡುಹುಳುವಿನ ಮೊಟ್ಟೆ ಮಣ್ಣಿನ ಕೈಯಿಂದ ಮಗುವಿನ ಬಾಯಿ ಸೇರಿದರೆ, ಮರಿಹುಳು ಯಕೃತ್ತು, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿನವರೆಗೂ ಅಲೆಯುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದೊಳಗೆ ಹರಿದಾಡಿ, ಕೆಂಪಗೆ ಬಾತ ಅಂಕುಡೊಂಕು ಗೆರೆ ಮೂಡಿಸಿ ತುರಿಕೆ ಎಬ್ಬಿಸುತ್ತದೆ.

ಸಿರಪ್: ಮರಿಗಳಿಗೆ ಮೊದಲ ಆಯ್ಕೆ

ಪೈರಾಂಟೆಲ್ ಇರುವ ಸಿರಪ್ ಎಲ್ಲಕ್ಕಿಂತ ಅಗ್ಗ. ಕರುಳಿನಿಂದ ರಕ್ತಕ್ಕೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಎರಡು ವಾರದ ನಾಯಿಮರಿಗೂ ಕೊಡಬಹುದು. ದುಂಡುಹುಳು, ಕೊಕ್ಕೆಹುಳು ಎರಡಕ್ಕೂ ಕೆಲಸ ಮಾಡುತ್ತದೆ. ಲಾಡಿಹುಳುವಿಗೆ ಏನೂ ಮಾಡುವುದಿಲ್ಲ, ಚಾಟಿಹುಳುವಿಗೂ ಇಲ್ಲ.

ಪಿಪರಾಜಿನ್ ಎಂಬ ಇನ್ನೂ ಹಳೆಯ ಔಷಧಿ ಇದೆ. ಅದು ದುಂಡುಹುಳುವಿಗೆ ಮಾತ್ರ. ಕೊಕ್ಕೆಹುಳು ಇಷ್ಟಿರುವ ನಮ್ಮ ನಾಡಿನಲ್ಲಿ ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಅಂಗಡಿಯಲ್ಲಿ "ಜಂತಿನ ಸಿರಪ್" ಎಂದಷ್ಟೇ ಕೇಳದೆ, ಬಾಟಲಿಯ ಮೇಲಿನ ಹೆಸರು ಓದಿ ತನ್ನಿ.

ನಾಯಿಮರಿಗೆ ಎರಡನೇ ವಾರದಿಂದ, ಬೆಕ್ಕಿನ ಮರಿಗೆ ಮೂರನೇ ವಾರದಿಂದ ಆರಂಭಿಸಿ, ಎಂಟು ವಾರ ತುಂಬುವವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬೇಕು. ಇಷ್ಟೊಂದು ಸಲ ಏಕೆಂದರೆ, ಔಷಧಿ ಕೊಲ್ಲುವುದು ಆ ದಿನ ಕರುಳಿನಲ್ಲಿರುವ ಹುಳುವನ್ನು ಮಾತ್ರ. ಮೈಯೊಳಗೆ ಅಲೆಯುತ್ತಿರುವ ಮರಿಹುಳುಗಳು ಮುಂದಿನ ವಾರ ಕರುಳಿಗೆ ಬಂದು ಸೇರುತ್ತವೆ. ಹಾಲೂಡುವ ತಾಯಿಗೂ ಮರಿಗಳ ಜೊತೆಯಲ್ಲೇ ಔಷಧಿ ಆಗಬೇಕು, ಇಲ್ಲದಿದ್ದರೆ ಒಂದು ಕಡೆ ತೊಳೆದು ಇನ್ನೊಂದು ಕಡೆ ತುಂಬಿದಂತಾಗುತ್ತದೆ.

ತೋಟದ ಆಳುಗಳ ಲೈನ್ ಮನೆಯೊಂದರಲ್ಲಿ ಬೀದಿನಾಯಿಯೊಂದು ಸೌದೆ ರಾಶಿಯ ಹಿಂದೆ ಐದು ಮರಿ ಹಾಕಿತ್ತು. ಆ ಮನೆಯ ಅಜ್ಜಿಗೆ ಮಾತ್ರೆಯ ಹಣ ಹೊಂದಿಸುವುದು ಕಷ್ಟವಿತ್ತು. ಒಂದು ಬಾಟಲಿ ಸಿರಪ್, ಸೂಜಿ ತೆಗೆದ ಒಂದು ಸಿರಿಂಜು, ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರಕ್ಕೊಂದು ಗುರುತು. ಅಜ್ಜಿ ಒಂದು ಸಲವೂ ತಪ್ಪಿಸಲಿಲ್ಲ. ದುಬಾರಿ ಮಾತ್ರೆ ತಂದು ಒಂದು ಸಲ ಕೊಟ್ಟು ಮರೆತ ಮನೆಗಳ ಮರಿಗಳಿಗಿಂತ ಆ ಐದೂ ಗಟ್ಟಿಯಾಗಿ ಬೆಳೆದವು.

ಮೂರು ಔಷಧಿ ಸೇರಿದ ಮಾತ್ರೆ: ತೋಟ ಸುತ್ತುವ ದೊಡ್ಡ ನಾಯಿಗೆ

ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ಮಾತ್ರೆ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಹತ್ತು ಕಿಲೋ ತೂಕಕ್ಕೆ ಒಂದು ಮಾತ್ರೆ. ದುಂಡುಹುಳು, ಕೊಕ್ಕೆಹುಳು, ಚಾಟಿಹುಳು, ಲಾಡಿಹುಳು ನಾಲ್ಕಕ್ಕೂ ಇದೊಂದೇ ಸಾಕು. ತೋಟದಲ್ಲಿ ಬಿಟ್ಟು ಸಾಕುವ, ಹೆಗ್ಗಣ ಹಿಡಿಯುವ, ಮಾಂಸದಂಗಡಿಯ ಚೂರು ತಿನ್ನುವ ನಾಯಿಗೆ ನಾನು ಯೋಚಿಸದೆ ಹೇಳುವುದು ಇದನ್ನೇ.

ಖರ್ಚಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಇಪ್ಪತ್ತಾರು ಕಿಲೋ ನಾಯಿಗೆ ಸಲಕ್ಕೆ ಮೂರು, ವರ್ಷಕ್ಕೆ ನಾಲ್ಕು ಸಲವೆಂದರೆ ಹನ್ನೆರಡು ಮಾತ್ರೆ. ಅಂಥ ಮೂರು ನಾಯಿಗಳಿದ್ದರೆ ಮೂವತ್ತಾರು. ಅಷ್ಟು ಆಗದಿದ್ದರೆ ಅಳತೆಯನ್ನು ಮಾತ್ರ ಕಡಿಮೆ ಮಾಡಬೇಡಿ. ವರ್ಷಕ್ಕೆ ಎರಡು ಸಲ ಈ ಮಾತ್ರೆ, ನಡುವಿನ ಎರಡು ಸಲ ಪೈರಾಂಟೆಲ್ ಒಂದೇ ಇರುವ ಅಗ್ಗದ ಔಷಧಿ ಕೊಡಿ. ಕೊಕ್ಕೆಹುಳುವಿನ ಕಾಟ ಹತೋಟಿಯಲ್ಲಿರುತ್ತದೆ, ಲಾಡಿಹುಳುವಿಗೂ ವರ್ಷಕ್ಕೆ ಎರಡು ಪೆಟ್ಟು ಬೀಳುತ್ತದೆ.

ಫೆಬಾಂಟೆಲ್ ಇರುವ ಈ ಮಾತ್ರೆ ನಾಯಿಗೆ ಮಾಡಿದ್ದು. ಬೆಕ್ಕಿಗೆ ಪ್ರಾಜಿಕ್ವಾಂಟೆಲ್ ಮತ್ತು ಪೈರಾಂಟೆಲ್ ಮಾತ್ರ ಇರುವ, ಬೆಕ್ಕಿಗೆಂದೇ ಬರೆದಿರುವ ಮಾತ್ರೆ ತನ್ನಿ. ಗಬ್ಬದ ನಾಯಿಗೂ ಇದನ್ನು ವೈದ್ಯರನ್ನು ಕೇಳದೆ ಕೊಡಬಾರದು. ಗಬ್ಬದಲ್ಲೇ ಮರಿಗಳಿಗೆ ಹುಳು ಹೋಗುವುದನ್ನು ತಗ್ಗಿಸಲು ಫೆನ್‌ಬೆಂಡಜೋಲ್ ಎಂಬ ಔಷಧಿಯನ್ನು ಗಬ್ಬದ 40ನೇ ದಿನದಿಂದ ಮರಿ ಹಾಕಿ 14 ದಿನದವರೆಗೆ ಪ್ರತಿದಿನ ಕೊಡುವ ಕ್ರಮವಿದೆ. ಒಳ್ಳೆಯ ಕ್ರಮ, ಅಳತೆಯನ್ನು ವೈದ್ಯರೇ ಬರೆದುಕೊಡಬೇಕು.

ಲಾಡಿಹುಳುವಿಗೆ ಮಾತ್ರೆ ಕೊಟ್ಟ ಮೇಲೆ "ಹುಳುವೇ ಬೀಳಲಿಲ್ಲ, ಔಷಧಿ ಸುಳ್ಳು" ಎನ್ನುವ ದೂರು ಆಗಾಗ ಕೇಳುತ್ತೇನೆ. ಪ್ರಾಜಿಕ್ವಾಂಟೆಲ್ ತಗುಲಿದ ಹುಳು ಹೆಚ್ಚಾಗಿ ಕರುಳಿನಲ್ಲೇ ಜೀರ್ಣವಾಗಿ ಹೋಗುತ್ತದೆ. ಏನೂ ಕಾಣದಿರುವುದೇ ಸಹಜ. ಆದರೆ ಮೂರು ವಾರ ಕಳೆದು ಮತ್ತೆ ಅಕ್ಕಿಕಾಳು ಕಂಡರೆ ಮಾತ್ರೆಯನ್ನು ದೂರಬೇಡಿ, ಚಿಗಟ ಹುಡುಕಿ. ಕಂಬಳಿ, ಗೋಣಿಚೀಲವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕದೆ, ಚಿಗಟಕ್ಕೆ ಔಷಧಿ ಹಾಕದೆ ಲಾಡಿಹುಳುವನ್ನು ಗೆದ್ದವರಿಲ್ಲ.

ಹಸಿ ಮಾಂಸದ ಬಗ್ಗೆ ಒಂದು ಮಾತು. ಕುರಿ, ಮೇಕೆ, ಹಂದಿ ಕಡಿದಾಗ ಯಕೃತ್ತು, ಶ್ವಾಸಕೋಶದ ಚೂರುಗಳನ್ನು ನಾಯಿಗೆ ಎಸೆಯುವುದು ರೂಢಿ. ಅದರಲ್ಲಿ ನೀರುಗುಳ್ಳೆಗಳಿದ್ದರೆ, ಎಕಿನೋಕಾಕಸ್ ಎಂಬ ಅತಿ ಚಿಕ್ಕ ಲಾಡಿಹುಳು ನಾಯಿಯ ಹೊಟ್ಟೆ ಸೇರುತ್ತದೆ. ನಾಯಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಆದರೆ ಅದರ ಮಲದ ಮೊಟ್ಟೆಯಿಂದ ಮನುಷ್ಯರ ಯಕೃತ್ತಿನಲ್ಲಿ ವರ್ಷಗಟ್ಟಲೆ ಗುಳ್ಳೆ ಬೆಳೆದು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ. ಚೂರುಗಳನ್ನು ಚೆನ್ನಾಗಿ ಕುದಿಸಿ ಹಾಕಿ. ಹಬ್ಬದ ದಿನವೂ ಈ ಒಂದು ಪಾತ್ರೆ ಒಲೆಯ ಮೇಲಿರಲಿ. ಹಸಿಯಾಗಿ ತಿನ್ನುವುದನ್ನು ತಡೆಯಲಾಗದ ನಾಯಿಯಾದರೆ ಪ್ರಾಜಿಕ್ವಾಂಟೆಲ್‌ಗೆ ಮೂರು ತಿಂಗಳು ಕಾಯುವಂತಿಲ್ಲ. ಎಷ್ಟು ವಾರಕ್ಕೊಮ್ಮೆ ಎಂದು ವೈದ್ಯರನ್ನು ಕೇಳಿ.

ಕತ್ತಿನ ಮೇಲೆ ಹಾಕುವ ಸ್ಪಾಟ್ ಆನ್: ಬೆಕ್ಕಿನವರಿಗೆ ವರ, ಮಳೆಯಲ್ಲಿ ಕಷ್ಟ

ಬೆಕ್ಕಿಗೆ ಮಾತ್ರೆ ಕೊಡುವವರ ಮುಂಗೈ ನೋಡಿದರೆ ಈ ಆಯ್ಕೆ ಏಕೆ ಬೇಕೆಂದು ತಿಳಿಯುತ್ತದೆ. ಪ್ರಾಜಿಕ್ವಾಂಟೆಲ್ ಬಹಳ ಕಹಿ, ನಾಲಿಗೆಗೆ ತಾಗಿದರೆ ಬೆಕ್ಕು ನೊರೆ ಸುರಿಸುತ್ತದೆ. ಸೆಲಮೆಕ್ಟಿನ್ ಅಥವಾ ಮಾಕ್ಸಿಡೆಕ್ಟಿನ್ ಇರುವ ಸ್ಪಾಟ್ ಆನ್ ಔಷಧಿಯನ್ನು ನೆಕ್ಕಲು ಸಿಗದ ಕತ್ತಿನ ಹಿಂಭಾಗದಲ್ಲಿ, ಕೂದಲು ಬಿಡಿಸಿ ಚರ್ಮದ ಮೇಲೆ ಹಾಕಿದರೆ ದುಂಡುಹುಳು, ಕೊಕ್ಕೆಹುಳು ಹೋಗುತ್ತವೆ. ಚಿಗಟವೂ ಕಡಿಮೆಯಾಗುವುದು ದೊಡ್ಡ ಲಾಭ. ಲಾಡಿಹುಳುವಿಗೆ ಮಾತ್ರ ಇವು ನಾಟುವುದಿಲ್ಲ, ಪ್ರಾಜಿಕ್ವಾಂಟೆಲ್ ಬೇರೆಯಾಗಿ ಬೇಕು.

ಬೆಲೆ ಹೆಚ್ಚು. ಜೊತೆಗೆ ಹಾಕುವಾಗ ಮೈ ಒಣಗಿರಬೇಕು, ಹಾಕಿದ ಮೇಲೂ ಪೊಟ್ಟಣದಲ್ಲಿ ಬರೆದಷ್ಟು ಹೊತ್ತು ನೆನೆಯಬಾರದು. ಜುಲೈ, ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಹಗಲೆಲ್ಲ ಹೊರಗೆ ತಿರುಗಿ ತೊಯ್ದು ಬರುವ ನಾಯಿಗೆ ಇದನ್ನು ಹಾಕುವುದು ಹಣವನ್ನು ಮಳೆನೀರಿನಲ್ಲಿ ಬಿಟ್ಟಂತೆ. ಒಲೆಯ ಪಕ್ಕ ಬಿಟ್ಟು ಏಳದ ಮನೆಬೆಕ್ಕಿಗಾದರೆ ಧಾರಾಳವಾಗಿ ಆರಿಸಿ.

ನಾಯಿಯ ಚಿಗಟ, ಉಣ್ಣೆಗೆಂದು ತಂದ ಸ್ಪಾಟ್ ಆನ್ ಅನ್ನು ಬೆಕ್ಕಿಗೆ ಹಾಕಲೇಬೇಡಿ. ಅವುಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿಗೆ ಅದು ವಿಷ; ಮೈ ನಡುಗಿ, ಸೆಳೆತ ಬಂದು ಸಾಯಬಹುದು.

ನಾನು ಬೇಡವೆನ್ನುವ ಮೂರು

ದನದ ಐವರ್ಮೆಕ್ಟಿನ್ ಇಂಜೆಕ್ಷನ್. ಕೊಟ್ಟಿಗೆಯಲ್ಲಿ ಬಾಟಲಿ ಇರುತ್ತದೆ, ಖರ್ಚಿಲ್ಲ, ಉಣ್ಣೆಯೂ ಹೋಗುತ್ತದೆ ಎಂಬುದು ಆಕರ್ಷಣೆ. ಆ ಔಷಧಿಯ ಒಂದು ಮಿಲಿಲೀಟರ್ ಐವತ್ತು ಕಿಲೋ ತೂಕದ ದನಕ್ಕೆ ಮಾಡಿದ ಅಳತೆ. ಐದು ಕಿಲೋ ಮರಿಗೆ ಕೈತಪ್ಪಿ ಅರ್ಧ ಮಿಲಿಲೀಟರ್ ಹೋದರೆ ಐದು ಪಟ್ಟು ಆಯಿತು. ಕಾಲು ತೂರಾಡುವುದು, ಕಣ್ಣು ಕಾಣದಂತಾಗುವುದು, ಪ್ರಜ್ಞೆ ತಪ್ಪುವುದು, ಇವು ಅದರ ಲಕ್ಷಣ. ಕಾಲಿ (Collie) ಎಂಬ ನಾಯಿಯಂಥ ಕುರಿ ಕಾಯುವ ತಳಿಗಳಲ್ಲಿ ಅನೇಕಕ್ಕೆ ಈ ಔಷಧಿಯನ್ನು ಮೆದುಳಿಗೆ ಹೋಗದಂತೆ ತಡೆಯುವ ಶಕ್ತಿಯೇ ಹುಟ್ಟಿನಿಂದ ಇರುವುದಿಲ್ಲ. ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರೂ ಲಾಡಿಹುಳುವಿಗೆ ಇದರಿಂದ ಏನೂ ಆಗುವುದಿಲ್ಲ. ವೈದ್ಯರು ನೋಡಿ, ತೂಗಿ, ತಾವೇ ಕೊಡುವುದು ಬೇರೆ ವಿಷಯ.

ಮನುಷ್ಯರ ಆಲ್ಬೆಂಡಜೋಲ್. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆ ಎಲ್ಲರಿಗೂ ಪರಿಚಿತ. ಮಕ್ಕಳಿಗೆ ಒಳ್ಳೆಯದಾದದ್ದು ನಾಯಿಗೇಕೆ ಆಗದು ಎಂದು ಕೇಳುತ್ತಾರೆ. ನಾಯಿ ಮತ್ತು ಬೆಕ್ಕಿನಲ್ಲಿ ಇದು ಮೂಳೆಯೊಳಗಿನ ಮಜ್ಜೆಯನ್ನು ಕುಗ್ಗಿಸಿ ರಕ್ತಕಣಗಳ ಉತ್ಪತ್ತಿಯನ್ನೇ ತಗ್ಗಿಸಬಲ್ಲದು. ಪೈರಾಂಟೆಲ್‌ನಷ್ಟು ನಿರಪಾಯವಾದ ಅಗ್ಗದ ಔಷಧಿ ಇರುವಾಗ ಇದರ ಅಗತ್ಯವಿಲ್ಲ.

ಮನೆಮದ್ದು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿನ್ನುವ ನಾಡಿನಲ್ಲಿ ಗಿಡಮೂಲಿಕೆಯ ಮೇಲೆ ನಂಬಿಕೆ ಇರುವುದು ಸಹಜ, ನನಗೂ ಇದೆ. ಆದರೆ ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗೆ ಇನ್ನೂ ಕೆಟ್ಟದು. ಕೊಕ್ಕೆಹುಳು ರಕ್ತ ಹೀರಿದ ಪ್ರಾಣಿಗೆ ಬೆಳ್ಳುಳ್ಳಿ ತಿನ್ನಿಸಿದರೆ ಇರುವ ರಕ್ತವೂ ಹೋಗುತ್ತದೆ. ಅಡಿಕೆಯ ವಿಷಯದಲ್ಲಿ ಹಿರಿಯರು ಹೇಳುವುದು ಪೂರ್ತಿ ಸುಳ್ಳಲ್ಲ: ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಯ ಲಾಡಿಹುಳುವಿಗೆ ಔಷಧಿಯಾಗಿ ಬಳಸುತ್ತಿದ್ದರು. ಅದು ಕರುಳನ್ನು ಹಿಂಡಿ ಭೇದಿ ಮಾಡಿಸಿ, ಹುಳುವನ್ನು ಹೊರಗೆ ತಳ್ಳುತ್ತಿತ್ತು, ನಾಯಿಯೂ ನಿತ್ರಾಣವಾಗುತ್ತಿತ್ತು. ಅದಕ್ಕಿಂತ ಮೆದುವಾದ ಔಷಧಿಗಳು ಬಂದ ಮೇಲೆ ಅದು ಮೂಲೆಗೆ ಸರಿಯಿತು.

ಮಲ ಪರೀಕ್ಷೆ ಮಾಡಿಸಿಯೇ ಕೊಡಬೇಕೇ?

ಮನೆಯೊಳಗೇ ಇರುವ, ಬೇಯಿಸಿದ್ದನ್ನೇ ತಿನ್ನುವ ದೊಡ್ಡ ನಾಯಿ ಅಥವಾ ಬೆಕ್ಕಾದರೆ ವರ್ಷಕ್ಕೆ ಒಂದೆರಡು ಸಲ ಪರೀಕ್ಷೆ ಮಾಡಿಸಿ, ಹುಳುವಿದ್ದರೆ ಮಾತ್ರ ಔಷಧಿ ಕೊಡುವುದು ಮೈಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು. ತೋಟ ಸುತ್ತುವ ನಾಯಿಗೆ ಪರೀಕ್ಷೆಯನ್ನಷ್ಟೇ ನಂಬಿ ಕೂರಬೇಡಿ. ಚಾಟಿಹುಳು ಹೊಟ್ಟೆ ಸೇರಿ ಮೊಟ್ಟೆ ಇಡಲು ಸುಮಾರು ಮೂರು ತಿಂಗಳು ಬೇಕು. ಲಾಡಿಹುಳುವಿನ ಮೊಟ್ಟೆ ಸೂಕ್ಷ್ಮದರ್ಶಕಕ್ಕೆ ಸಿಗದೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಇಂಥ ನಾಯಿಗೆ ಔಷಧಿಯನ್ನು ಕ್ರಮವಾಗಿ ಕೊಟ್ಟು, ಕೊಟ್ಟ ಎರಡು ಮೂರು ವಾರಕ್ಕೆ ಒಮ್ಮೆ ಪರೀಕ್ಷೆ ಮಾಡಿಸಿ ಔಷಧಿ ನಾಟಿತೇ ಎಂದು ನೋಡುವುದು ಮೇಲು.

ಬೆಳಗಿನ ಹೊಸ ಮಲವನ್ನು, ಮಣ್ಣು ತಾಗದ ಮೇಲ್ಭಾಗದಿಂದ, ಒಂದು ಚಿಕ್ಕ ಚಮಚದಷ್ಟು ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿ. ಒಣಗಿದ, ನಿನ್ನೆಯ ಮಲದಿಂದ ಸರಿಯಾದ ಉತ್ತರ ಸಿಗುವುದಿಲ್ಲ.

ಯಾವಾಗ ಕೊಡುವುದು?

ದೊಡ್ಡ ಪ್ರಾಣಿಗಳಿಗೆ ಮೂರು ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ಕ್ರಮ. ತಾರೀಕು ಬರೆದಿಟ್ಟರೆ ಮರೆಯುತ್ತದೆ ಎಂದು ನಮ್ಮ ಮನೆಯಲ್ಲಿ ಅದನ್ನು ತೋಟದ ವರ್ಷಕ್ಕೆ ಕಟ್ಟಿದ್ದೇವೆ: ಮಾರ್ಚ್‌ನಲ್ಲಿ ಹೂಮಳೆಗೆ ಕಾಯುವಾಗ ಒಂದು, ಜೂನ್‌ನಲ್ಲಿ ಮಳೆ ಹಿಡಿಯುವ ಮುಂಚೆ ಒಂದು, ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ ಒಂದು, ನವೆಂಬರ್ ಕೊನೆ, ಡಿಸೆಂಬರ್‌ನ ಹುತ್ತರಿ ಹಬ್ಬದ ಸುತ್ತ ಒಂದು. ಕೈಯಲ್ಲಿ ಹಣ ಎರಡು ಸಲಕ್ಕೆ ಮಾತ್ರ ಇದ್ದರೆ ಜೂನ್ ಮತ್ತು ಸೆಪ್ಟೆಂಬರ್‌ದನ್ನು ಬಿಡಬೇಡಿ. ಕೊಕ್ಕೆಹುಳು ಖಚಿತವಾಗಿ ಸಿಕ್ಕಿದ್ದರೆ ಎರಡು ಮೂರು ವಾರಕ್ಕೆ ಇನ್ನೊಂದು ಸಲ ಕೊಡಬೇಕಾಗುತ್ತದೆ. ಮಾಂಸಖಂಡದಲ್ಲಿ ಮಲಗಿದ್ದ ಮರಿಹುಳುಗಳು ಎದ್ದು ಖಾಲಿಯಾದ ಕರುಳಿಗೆ ಇಳಿಯುತ್ತವೆ.

ಔಷಧಿ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯ ಮಲವನ್ನು ಹುಡುಕಿ ತೆಗೆದು, ತರಕಾರಿ ಮಡಿಯಿಂದ ದೂರ ಗುಂಡಿ ತೋಡಿ ಮುಚ್ಚಿ. ಕಾಫಿ ಒಣಗಿಸುವ ಕಣದ ಸುತ್ತ, ಮಕ್ಕಳು ಆಡುವ ಅಂಗಳದಲ್ಲಿ ಇದು ದಿನವೂ ನಡೆದರೆ ಇನ್ನೂ ಒಳ್ಳೆಯದು.

ಈ ಹೋಲಿಕೆ ನಡೆದಾಡುವ, ತಿನ್ನುವ, ಬಾಲ ಆಡಿಸುವ ಪ್ರಾಣಿಗೆ. ವಸಡು ಬಿಳಿಚಿದ, ರಕ್ತಭೇದಿಯಾಗುತ್ತಿರುವ, ತಾಯಿಯ ಮೊಲೆ ಹಿಡಿಯದ ಮರಿಗೆ ಯಾವ ಔಷಧಿಯನ್ನೂ ಮನೆಯಲ್ಲಿ ಕೊಡಬೇಡಿ. ಹೊಟ್ಟೆ ತುಂಬ ದುಂಡುಹುಳುವಿರುವ ನಿತ್ರಾಣದ ಮರಿಗೆ ಒಮ್ಮೆಗೇ ಔಷಧಿ ಬಿದ್ದರೆ, ಸತ್ತ ಹುಳುಗಳೇ ಉಂಡೆಗಟ್ಟಿ ಕರುಳನ್ನು ಮುಚ್ಚಬಹುದು. ಅದನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಮಲದ ಡಬ್ಬಿಯನ್ನೂ ಜೊತೆಗಿಟ್ಟುಕೊಂಡು ಮೊದಲ ಬಸ್ಸಿಗೇ ಪಶು ಆಸ್ಪತ್ರೆಗೆ ಹೊರಡಿ.